ಮಾರುವ ಮನೆಗೆ ಸಿಂಗಾರ

ಮಾರುವ ಮನೆಯನ್ನು ಗುಡಿಸಿ, ಸಾರಿಸಿ, ಸುಣ್ಣ ಬಳಿದು ತೋರಿಸುವುದು ಹೊಸ ಸಂಗತಿಯೇನಲ್ಲ. ದನ ಮಾರುವವನು ಕೂಡ ಸಂತೆಗೆ ಹೊರಡುವ ಮುನ್ನ ಅದರ ಮೈ ತೊಳೆದು ಕೊಂಬಿಗೆ ಎಣ್ಣೆ ಸವರುತ್ತಿದ್ದ. ಹೊಸತು ಯಾವುದೆಂದರೆ, ಈ ಕೆಲಸಕ್ಕೆಂದೇ ಪರಿಣತರೊಬ್ಬರು ಪೇಟೆಯಿಂದ ಬಂದು, ನಮ್ಮ ಸಾಮಾನುಗಳನ್ನೆಲ್ಲ ಅಟ್ಟಕ್ಕೇರಿಸಿ, ಬಾಡಿಗೆಯ ಸೋಫಾ, ಬಾಡಿಗೆಯ ದೀಪ, ಬಾಡಿಗೆಯ ಹೂಕುಂಡ ತಂದಿಟ್ಟು, ಮನೆ ಮಾರಾಟವಾಗುವ ತನಕ ಹಾಗೆಯೇ ಇರಿಸಿ, ಅದಕ್ಕೆ ಬಿಲ್ಲು ಕೊಡುವುದು. ಇದಕ್ಕೆ ಹೋಮ್ ಸ್ಟೇಜಿಂಗ್ ಎಂದು ಹೆಸರು. ಅಮೆರಿಕದ ಸಿಯಾಟಲ್ ಕಡೆಯಲ್ಲಿ 1970ರ ದಶಕದಲ್ಲಿ ಬಾರ್ಬ್ ಶ್ವಾರ್ಟ್ಸ್ ಎಂಬ ಮಹಿಳೆ ಇದನ್ನೊಂದು ವೃತ್ತಿಯಾಗಿ ಬೆಳೆಸಿದರೆಂದು ಹೇಳುತ್ತಾರೆ. ಅಲ್ಲಿಂದ ಅದು ಬೆಂಗಳೂರಿಗೆ ಬಂತು, ಮಂಗಳೂರಿಗೆ ಬಂತು, ಈಗ ನಮ್ಮ ಹಂಗಾರಕಟ್ಟೆಯ ಹೊಳೆಬದಿಯ ತನಕವೂ ಬಂದಿದೆ.

ಸ್ಟೇಜು ಎಂದರೆ ರಂಗಸ್ಥಳವೇ ತಾನೆ? ರಂಗಸ್ಥಳದ ವಿಷಯದಲ್ಲಿ ನಮ್ಮೂರಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಇಲ್ಲೇ ಯಕ್ಷಗಾನ ಕಲಾಕೇಂದ್ರವಿದೆ. ನನ್ನ ತರಗತಿಯ ಹಿಂದಿನ ಬೆಂಚಿನಲ್ಲಿ ಕೂತು ತೂಕಡಿಸುವ ಹುಡುಗ ಚೌಕಿಯಲ್ಲಿ ಮುಖಕ್ಕೆ ಬಣ್ಣ ಹಚ್ಚಿ, ಕೇದಗೆ ಮುಂದಲೆ ಕಟ್ಟಿ ಹೊರಬಂದರೆ ಅಭಿಮನ್ಯುವಾಗಿಬಿಡುತ್ತಾನೆ. ಆದರೆ ಅಲ್ಲೊಂದು ಕರಾರು ಇದೆ. ಅದು ವೇಷವೆಂದು ನೋಡುವವರಿಗೂ ಗೊತ್ತು, ಕುಣಿಯುವವನಿಗೂ ಗೊತ್ತು. ಬೆಳಗಾದ ಮೇಲೆ ಅಭಿಮನ್ಯುವಿನ ಹೆಸರಿಗೆ ಯಾರೂ ಜಾಗ ಬರೆದುಕೊಡುವುದಿಲ್ಲ. ಮನೆಗೆ ಕಟ್ಟುವ ವೇಷದಲ್ಲಿ ಈ ಕರಾರು ಎಷ್ಟರಮಟ್ಟಿಗೆ ಉಂಟು, ಮತ್ತು ಆ ವೇಷದ ಖರ್ಚು ಮಾರುವವರಿಗೆ ಹಿಂದೆ ಬರುತ್ತದೆಯೆ ಎಂಬುದು ನನ್ನ ಪ್ರಶ್ನೆ.

ಪ್ರಶ್ನೆ ಸುಮ್ಮನೆ ಹುಟ್ಟಿದ್ದಲ್ಲ. ನನ್ನ ಅಕ್ಕನದು ಹೊಳೆಗೆ ಹತ್ತಿರದಲ್ಲಿ ಇಪ್ಪತ್ತೆರಡು ಸೆಂಟ್ಸ್ ಜಾಗ, ಅದರಲ್ಲೊಂದು ಹಂಚಿನ ಮನೆ. ಮುರಕಲ್ಲಿನ ಗೋಡೆ, ಹಲಸಿನ ಬಾಗಿಲು, ಕಾವಿ ನೆಲ. ಭಾವ ಹೋದ ಮೇಲೆ ಒಬ್ಬಳೇ ಇದ್ದಳು. ಮೊಣಕಾಲು ಸೋತಿತು, ಬಾವಿಯಿಂದ ನೀರು ಸೇದುವುದಿರಲಿ, ಮಳೆಗಾಲದಲ್ಲಿ ಅಂಗಳ ದಾಟುವುದೇ ಕಷ್ಟವಾಯಿತು. ಮನೆ ಮಾರಿ, ಬ್ರಹ್ಮಾವರದಲ್ಲಿ ಮಗಳ ಮನೆಯ ಹತ್ತಿರ ಒಂದು ಸಣ್ಣ ಫ್ಲ್ಯಾಟ್ ತೆಗೆದುಕೊಂಡು, ಉಳಿದದ್ದನ್ನು ಬ್ಯಾಂಕಿನಲ್ಲಿಟ್ಟು ಬಡ್ಡಿಯಲ್ಲಿ ಬದುಕುವುದೆಂದು ತೀರ್ಮಾನವಾಯಿತು. ಅವಳಿಗೆ ಬೇರೆ ಆಸ್ತಿಯಿಲ್ಲ, ಪಿಂಚಣಿಯಿಲ್ಲ. ಹಾಗಾಗಿ ಬರುವ ಬೆಲೆಯಲ್ಲಿ ಒಂದು ಲಕ್ಷ ಹೆಚ್ಚೋ ಕಡಿಮೆಯೋ ಎಂಬುದು ಅವಳ ಔಷಧಿಯ ಲೆಕ್ಕವಾಗಿತ್ತು.

ಬೆಂಗಳೂರಿನಲ್ಲಿರುವ ಅವಳ ಮಗ ಮಂಗಳೂರಿನಿಂದ ಇಂಥ ಅಲಂಕಾರದವರನ್ನು ಕಳಿಸಿದ. ಇಬ್ಬರು ಬಂದರು, ಒಳ್ಳೆಯ ಮಾತಿನವರು. ಮನೆಯನ್ನೆಲ್ಲ ಅಳೆದರು, ಫೋಟೋ ತೆಗೆದರು. ಎರಡು ತಿಂಗಳಿಗೆ ಒಂದು ಲಕ್ಷ ನಲವತ್ತು ಸಾವಿರ ಎಂದರು. ಪೀಠೋಪಕರಣದ ಬಾಡಿಗೆ, ಲಾರಿ ಸಾಗಾಟ, ಪರದೆ, ದೀಪ, ಫೋಟೋಗ್ರಾಫರ್ ಎಲ್ಲ ಸೇರಿ. ಎರಡು ತಿಂಗಳಲ್ಲಿ ಮಾರಾಟವಾಗದಿದ್ದರೆ ಮುಂದಿನ ಪ್ರತಿ ತಿಂಗಳಿಗೆ ಮೂವತ್ತೈದು ಸಾವಿರ.

ನಾನು ಗಣಿತದ ಟೀಚರಲ್ಲ, ಸಮಾಜದ ಟೀಚರು. ಆದರೂ ಮನೆವಾರ್ತೆಯ ಲೆಕ್ಕ ಬರುತ್ತದೆ. ಅಕ್ಕ ಹೇಳಿದ್ದ ಬೆಲೆ ನಲವತ್ತಾರು ಲಕ್ಷ. ಅಲಂಕಾರದ ಖರ್ಚು ನೂರಕ್ಕೆ ಮೂರು. ದಲಾಳಿಗೆ ನೂರಕ್ಕೆ ಎರಡು. ಅಂದರೆ ಮನೆ ಕೈಬಿಡುವ ಮೊದಲೇ ನೂರಕ್ಕೆ ಐದು ಹೋಯಿತು. ಈ ಮೂರು ಹಿಂದೆ ಬರಬೇಕಾದರೆ, ಸಿಂಗಾರವಿಲ್ಲದೆ ಬರುತ್ತಿದ್ದ ಬೆಲೆಗಿಂತ ಒಂದೂವರೆ ಲಕ್ಷವಾದರೂ ಹೆಚ್ಚು ಬರಬೇಕು. ನಮ್ಮ ಕಡೆಯ ಚೌಕಾಶಿ ನಡೆಯುವುದು ಹೇಗೆ ನಿಮಗೆ ಗೊತ್ತಲ್ಲ. ಜಗಲಿಯಲ್ಲಿ ಕೂತು, ಚಹಾ ಕುಡಿದು, ಎದ್ದು ಹೊರಡುವಾಗ ಒಂದು ಲಕ್ಷ ಬಿಡಿ ಎನ್ನುತ್ತಾರೆ, ಗೇಟಿನ ಹತ್ತಿರ ಇನ್ನೊಂದು. ಹೀಗೆ ಲಕ್ಷಗಳು ಗೇಟಿನ ಬಳಿ ಉದುರುವ ವ್ಯವಹಾರದಲ್ಲಿ, ಬಾಡಿಗೆ ಸೋಫಾದಿಂದ ಬಂದ ಲಕ್ಷ ಯಾವುದು, ಹೋದ ಲಕ್ಷ ಯಾವುದು ಎಂದು ಗುರುತು ಹಿಡಿಯುವವರು ಯಾರು? ಈ ಉದ್ಯೋಗಕ್ಕೆ ಇರುವ ದೊಡ್ಡ ಅನುಕೂಲ ಇದೇ ಎಂದು ನನಗನ್ನಿಸುತ್ತದೆ. ಒಂದು ಮನೆಯನ್ನು ಒಮ್ಮೆ ಮಾತ್ರ ಮಾರಬಹುದು. ಸಿಂಗಾರ ಮಾಡಿ ಒಮ್ಮೆ, ಮಾಡದೆ ಒಮ್ಮೆ ಮಾರಿ ನೋಡಲಾಗುವುದಿಲ್ಲ. ಹೆಚ್ಚು ಬಂದರೆ ಸಿಂಗಾರದಿಂದ ಎನ್ನಬಹುದು, ಕಡಿಮೆ ಬಂದರೆ ಮಾರುಕಟ್ಟೆ ಬಿದ್ದಿದೆ ಎನ್ನಬಹುದು.

ಬಂದವರು ಅಮೆರಿಕದ ಅಂಕಿಸಂಖ್ಯೆಯ ಒಂದು ಹಾಳೆಯನ್ನೂ ಕೊಟ್ಟಿದ್ದರು. ಅಲಂಕರಿಸಿದ ಮನೆ ಬೇಗ ಹೋಗುತ್ತದೆ, ಹೆಚ್ಚು ಬೆಲೆಗೆ ಹೋಗುತ್ತದೆ ಎಂದು. ಇಂಥ ಸಮೀಕ್ಷೆಗಳನ್ನು ಅಲ್ಲಿಯ ಮನೆ ದಲಾಳಿಗಳ ರಾಷ್ಟ್ರೀಯ ಸಂಘ ಆಗಾಗ ಪ್ರಕಟಿಸುತ್ತದೆ, ನಿಜ. ಆದರೆ ಅವುಗಳಲ್ಲಿ ಉತ್ತರ ಬರೆಯುವವರು ದಲಾಳಿಗಳೇ. ತಮ್ಮ ಅಂಗಡಿಯ ಕಾಫಿ ಹೇಗಿದೆ ಎಂದು ಹೋಟೆಲಿನ ಮಾಣಿಯನ್ನೇ ಕೇಳಿದ ಹಾಗೆ. ಇದಕ್ಕಿಂತ ಎಚ್ಚರದಿಂದ ಮಾಡಿದ ಇನ್ನೊಂದು ಅಧ್ಯಯನ ಅಮೆರಿಕದಲ್ಲೇ 2015ರಲ್ಲಿ ಪ್ರಕಟವಾಯಿತು. ಒಂದೇ ಮನೆಯನ್ನು ಬೇರೆ ಬೇರೆ ಗೋಡೆಬಣ್ಣ, ಬೇರೆ ಬೇರೆ ಪೀಠೋಪಕರಣಗಳೊಂದಿಗೆ ಕಂಪ್ಯೂಟರಿನ ಪರದೆಯಲ್ಲಿ ಜನರಿಗೆ ತೋರಿಸಿದರು. ಚೆಂದವಾಗಿ ಜೋಡಿಸಿದ ಮನೆಯನ್ನು ಜನ ಹೆಚ್ಚು ಮೆಚ್ಚಿದರು. ಆದರೆ ತಾವು ಕೊಡಲು ಸಿದ್ಧವಿದ್ದ ಬೆಲೆಯನ್ನು ಅದಕ್ಕಾಗಿ ಏರಿಸಲಿಲ್ಲ. ಅದರಲ್ಲೊಂದು ಸ್ವಾರಸ್ಯವೂ ಇತ್ತು. ಸಿಂಗಾರಕ್ಕೆ ಬೇರೆಯವರು ಮರುಳಾಗಿ ಹೆಚ್ಚು ಕೊಡುತ್ತಾರೆ ಎಂದು ನಂಬುವವರೇ ತಮ್ಮ ಜೇಬಿನ ವಿಷಯ ಬಂದಾಗ ಮರುಳಾಗಲಿಲ್ಲ. ಸೀರೆ ಅಂಗಡಿಯ ಗಾಜಿನ ಗೊಂಬೆಗೆ ಉಡಿಸಿದ ಸೀರೆಯನ್ನು ಮೆಚ್ಚಿ ಒಳಹೋಗಿ, ಕೊನೆಗೆ ನಮ್ಮ ಬಜೆಟ್ಟಿನದನ್ನೇ ಹಿಡಿದು ಹೊರಬರುವ ನಮಗೆ ಇದೇನೂ ಆಶ್ಚರ್ಯವಲ್ಲ.

ಹಾಗಾದರೆ ಕೊಳ್ಳುವವರು ನೋಡುವುದೇನು? ಅಕ್ಕನ ಮನೆ ನೋಡಲು ಬಂದವರಿಗೆ ಚಹಾ ಕೊಡುವ ಕೆಲಸ ರಜೆಯ ದಿನಗಳಲ್ಲಿ ನನ್ನದಾಗಿತ್ತಾದ್ದರಿಂದ ಇದನ್ನು ಕಣ್ಣಾರೆ ಕಂಡಿದ್ದೇನೆ. ಗಂಡಸರು ಗೇಟಿನ ಹೊರಗೇ ನಿಂತು ರಸ್ತೆಯ ಅಗಲವನ್ನು ಕಣ್ಣಲ್ಲೇ ಅಳೆಯುತ್ತಾರೆ, ಲಾರಿ ಬರುತ್ತದೆಯೆ ಎಂದು. ಹೆಂಗಸರು ಚಾವಡಿ ದಾಟಿ ನೇರ ಬಾವಿಕಟ್ಟೆಗೆ ಹೋಗುತ್ತಾರೆ. "ಬೇಸ್ಗಿಲ್ ಬಾಮಿ ನೀರ್ ಉಪ್ಪ್ ಆತ್ತಾ?" ಇದು ಮೊದಲ ಪ್ರಶ್ನೆ. ಸೀತೆಯೂ ಸ್ವರ್ಣೆಯೂ ಸಮುದ್ರ ಸೇರುವ ಜಾಗ ನಮ್ಮದು. ಭರತದ ನೀರು ಹೊಳೆಯೊಳಗೆ ಮೇಲಕ್ಕೇರುತ್ತದೆ, ಏಪ್ರಿಲ್ ಮೇ ತಿಂಗಳಲ್ಲಿ ಹೊಳೆಬದಿಯ ಬಾವಿಗಳ ರುಚಿ ಬದಲಾಗುತ್ತದೆ. ಇದನ್ನು ಯಾವ ಪರದೆ ಮುಚ್ಚೀತು? ಆಮೇಲೆ ತಲೆಯೆತ್ತಿ ಮಾಡು ನೋಡುತ್ತಾರೆ, ಪಕ್ಕಾಸಿಗೆ ಗೆದ್ದಲು ಹಿಡಿದಿದೆಯೆ ಎಂದು ಬೆರಳಲ್ಲಿ ತಟ್ಟುತ್ತಾರೆ. ಒಬ್ಬ ಅಜ್ಜಿಯಂತೂ ಕೋಣೆಯ ಮೂಲೆಗೆ ಹೋಗಿ ಮೂಗಿನಿಂದ ಉಸಿರೆಳೆದು ಸೀಲಿನ ವಾಸನೆ ಪರೀಕ್ಷಿಸಿದರು. ನಮ್ಮ ಮಳೆಗಾಲ ಕಂಡವರಿಗೆ ಮಾತ್ರ ಬರುವ ವಿದ್ಯೆ ಅದು.

ಇದೆಲ್ಲ ಮುಗಿದ ಮೇಲೆ ಕಾಗದಪತ್ರ. ಪಹಣಿ ಯಾರ ಹೆಸರಲ್ಲಿದೆ, ಪಂಚಾಯತಿನ 9 ಮತ್ತು 11ನೇ ನಮೂನೆ ಆಗಿದೆಯೆ, ಋಣಭಾರದ ಪ್ರಮಾಣಪತ್ರ ಎಷ್ಟು ವರ್ಷದ್ದಿದೆ. ಭರತ ಇಳಿತವಿರುವ ಹೊಳೆಯ ದಂಡೆಗೂ ಕರಾವಳಿ ನಿಯಂತ್ರಣ ವಲಯದ ನಿಯಮ ಅನ್ವಯಿಸುತ್ತದೆ. 1991ರ ಅಧಿಸೂಚನೆಯಿಂದ ಶುರುವಾದ ಈ ನಿಯಮ 2019ರಲ್ಲಿ ಹೊಸ ರೂಪ ಪಡೆದಿದೆ. ಮುಂದೆ ಇಲ್ಲಿ ಏನು ಕಟ್ಟಬಹುದು ಎಂದು ತಿಳಿಯದೆ ಯಾರೂ ಮುಂಗಡ ಕೊಡುವುದಿಲ್ಲ. ಇನ್ನು ಹೆಣ್ಣುಮಕ್ಕಳ ಸಹಿ. ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕೆಂಬ ಕಾನೂನು ಕರ್ನಾಟಕದಲ್ಲಿ 1994ರ ಜುಲೈ 30ರಿಂದ, ದೇಶಕ್ಕೆಲ್ಲ 2005ರ ಸೆಪ್ಟೆಂಬರ್ 9ರಿಂದ ಜಾರಿಯಲ್ಲಿದೆ. ತಂದೆಯ ಕಾಲದ ಮನೆಯನ್ನು ಅಣ್ಣತಮ್ಮಂದಿರು ಮಾರಹೊರಟು, ಅಕ್ಕತಂಗಿಯರ ಸಹಿ ಇಲ್ಲವೆಂದು ವಕೀಲರು ಕಡತ ಮಡಚಿಟ್ಟ ಎಷ್ಟೋ ಪ್ರಕರಣಗಳು ನಮ್ಮ ಸುತ್ತಮುತ್ತ ಇವೆ. ಅಂಥ ಮನೆಗೆ ಚಿನ್ನದ ತೋರಣ ಕಟ್ಟಿದರೂ ಬೆಲೆ ಏರದು. ಕಾಗದ ಸರಿಯಿಲ್ಲದ ಮನೆಗೆ ಬೆಲೆ ಹೇಳುವವರು ಕೊನೆಗೆ ಅದನ್ನು ಅರ್ಧಕ್ಕೆ ಕೇಳುವವರೇ.

ಸಿಂಗಾರದ ಮನೆಯೊಂದನ್ನು ನಾನು ನಮ್ಮ ಹೊಳೆಸಾಲಿನಲ್ಲೇ ಕಂಡೆ. ಯಜಮಾನರು ಮುಂಬಯಿಯಲ್ಲಿದ್ದರು. ಹಳೆಯ ಮನೆಗೆ ಬಿಳಿ ಬಣ್ಣ ಹೊಡೆಸಿ, ಜಗಲಿಯಲ್ಲಿ ಬೆತ್ತದ ತೂಗುಕುರ್ಚಿ ತೂಗಿಸಿ, ಹಿತ್ತಾಳೆಯ ಉರುಳಿಯಲ್ಲಿ ಹೂ ತೇಲಿಬಿಟ್ಟಿದ್ದರು. ಊರವರೆಲ್ಲ ಒಂದೊಂದು ನೆಪ ಮಾಡಿಕೊಂಡು ಹೋಗಿ ನೋಡಿ ಬಂದೆವು. ಸಿನಿಮಾದ ಮನೆಯ ಹಾಗಿತ್ತು, ಸುಳ್ಳೇಕೆ. ಮನೆ ಮಾರಾಟವಾಯಿತು. ಎಂಟು ತಿಂಗಳಲ್ಲಿ ಹೊಸಬರು ಅದನ್ನು ಕೆಡವಿದರು. ಅವರಿಗೆ ಬೇಕಿದ್ದದ್ದು ಹೊಳೆ ಕಾಣುವ ಜಾಗ, ಮನೆಯಲ್ಲ. ಹಂಚನ್ನು ಒಬ್ಬರು ಒಯ್ದರು, ಬಾಗಿಲು ದಾರಂದವನ್ನು ಇನ್ನೊಬ್ಬರು. ಆ ಹಂಚಿನ ಮೇಲೆ ಅಚ್ಚೊತ್ತಿದ ಕಾರ್ಖಾನೆಯ ಹೆಸರು ಮಾಸಿರಲಿಲ್ಲ. 1865ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ಶುರುಮಾಡಿದ ಹಂಚಿನ ಉದ್ಯಮ ನಮ್ಮ ಕರಾವಳಿಯ ಮಾಡುಗಳನ್ನೆಲ್ಲ ಕೆಂಪು ಮಾಡಿತ್ತು. ಈಗ ಅದೇ ಹಂಚು ಬಿಡಿಬಿಡಿಯಾಗಿ ರೆಸಾರ್ಟುಗಳ ಛಾವಣಿ ಸೇರುತ್ತಿದೆ. ಜಾಗವನ್ನು ಕೊಳ್ಳುವವನ ಮುಂದೆ ಮನೆಗೆ ಸಿಂಗಾರ ಮಾಡಿದ್ದು ಯಾವ ಪುರುಷಾರ್ಥಕ್ಕೆ? ಮಣಿಪಾಲದ ವಿಜಯನಾಥ ಶೆಣೈಯವರು ಇದಕ್ಕೆ ತದ್ವಿರುದ್ಧದ ಕೆಲಸ ಮಾಡಿದವರು. ಬ್ಯಾಂಕ್ ಉದ್ಯೋಗಿಯಾಗಿದ್ದ ಅವರು ಕೆಡವುತ್ತಿದ್ದ ಹಳೆಯ ಮನೆಗಳ ಕಂಬ, ಬಾಗಿಲು, ತೊಲೆಗಳನ್ನು ತಂದು ಮೊದಲು ತಮ್ಮ ಮನೆಯನ್ನು ಕಟ್ಟಿಕೊಂಡರು. ಆಮೇಲೆ ಇಡೀ ಮನೆಗಳನ್ನೇ ಬಿಚ್ಚಿ ತಂದು ಮರಳಿ ಕಟ್ಟಿ ಹಸ್ತಶಿಲ್ಪವೆಂಬ ಊರನ್ನೇ ಮಾಡಿದರು. 2017ರಲ್ಲಿ ಅವರು ತೀರಿಕೊಂಡರು. ಅಲ್ಲಿ ಮನೆಯನ್ನು ನೋಡಲು ಜನ ದುಡ್ಡು ಕೊಟ್ಟು ಹೋಗುತ್ತಾರೆ. ಮಾರುವ ಮನೆಗೆ ಮಾತ್ರ ಅದರ ಕಂಬದ ಬೆಲೆಯನ್ನೂ ಯಾರೂ ಕಟ್ಟುವುದಿಲ್ಲ.

ಹಾಗೆಂದು ಎಲ್ಲ ಕಡೆಯೂ ಈ ಅಲಂಕಾರ ದಂಡವೆಂದು ನಾನು ಹೇಳಲಾರೆ. ಮಣಿಪಾಲದಲ್ಲೋ ಬೆಂಗಳೂರಿನಲ್ಲೋ ಒಂದೇ ಕಟ್ಟಡದಲ್ಲಿ ಒಂದೇ ಅಚ್ಚಿನ ಹತ್ತು ಫ್ಲ್ಯಾಟುಗಳು ಮಾರಾಟಕ್ಕಿರುತ್ತವೆ. ಬಾವಿಯಿಲ್ಲ, ಮಾಡಿಲ್ಲ, ಹಿತ್ತಲಿಲ್ಲ. ಖಾಲಿ ಕೋಣೆ ಇದ್ದದ್ದಕ್ಕಿಂತ ಚಿಕ್ಕದಾಗಿ ಕಾಣುತ್ತದೆ, ಮಂಚ ಎಲ್ಲಿ ಹಿಡಿದೀತು ಎಂದು ಅಂದಾಜಾಗುವುದಿಲ್ಲ. ದುಬೈಯಲ್ಲಿ ಕೂತವರು ಮೊಬೈಲಿನ ಚಿತ್ರ ನೋಡಿಯೇ ಯಾವ ಮನೆ ನೋಡುವುದು, ಯಾವುದನ್ನು ಬಿಡುವುದು ಎಂದು ನಿರ್ಧರಿಸುತ್ತಾರೆ. ಅಲ್ಲಿ ನಾಲ್ಕು ಒಳ್ಳೆಯ ಫೋಟೋ, ಒಂದಿಷ್ಟು ಪೀಠೋಪಕರಣ ಇದ್ದರೆ ನೋಡಲು ಬರುವವರ ಸಂಖ್ಯೆ ಹೆಚ್ಚಾದೀತು. ಸಾಲದ ಕಂತು ಕಟ್ಟುತ್ತಿರುವವರಿಗೆ ಒಂದು ತಿಂಗಳು ಬೇಗ ಮಾರಾಟವಾದರೂ ಒಂದು ಕಂತು ಉಳಿಯಿತು. ಅಂಥವರಿಗೆ ಲೆಕ್ಕ ಸರಿಹೋಗಬಹುದು, ಅದೂ ಬಿಲ್ಲು ಆ ಕಂತಿಗಿಂತ ಕಡಿಮೆಯಿದ್ದರೆ.

ಆದರೆ ಕೊಳ್ಳುವ ಬದಿಯಲ್ಲಿ ನಿಂತಾಗ ಎಚ್ಚರ ಬೇಕು. ಬಿಲ್ಡರುಗಳ ಮಾದರಿ ಫ್ಲ್ಯಾಟಿನಲ್ಲಿ ಮಂಚ ಮಾಮೂಲಿಗಿಂತ ಗಿಡ್ಡವಿರಬಹುದು, ಕೋಣೆಗಳಿಗೆ ಬಾಗಿಲೇ ಇಲ್ಲದಿರಬಹುದು, ಗೋಡೆಯುದ್ದ ಕನ್ನಡಿಯಿರುತ್ತದೆ, ಹಗಲಲ್ಲೂ ದೀಪ ಉರಿಯುತ್ತದೆ. ನಮ್ಮ ಶಾಲೆಯ ಸಹೋದ್ಯೋಗಿಯೊಬ್ಬರು ಹಾಗೆ ನೋಡಿ ಮೆಚ್ಚಿದ ಫ್ಲ್ಯಾಟಿಗೆ ತಮ್ಮ ತಾಯಿ ಕೊಟ್ಟ ಬೀಟೆಮರದ ಮಂಚ ತಂದಾಗ ಬಾಗಿಲು ತೆರೆಯಲು ಜಾಗವುಳಿಯಲಿಲ್ಲ. 2016ರ ರೇರಾ ಕಾಯ್ದೆಯ 12ನೇ ಸೆಕ್ಷನ್ನಿನಲ್ಲಿ ಈ ಮಾದರಿ ಫ್ಲ್ಯಾಟಿನ ಪ್ರಸ್ತಾಪವೇ ಇದೆ. ಜಾಹೀರಾತನ್ನೋ ಮಾದರಿ ಫ್ಲ್ಯಾಟನ್ನೋ ನಂಬಿ ಮುಂಗಡ ಕೊಟ್ಟವರಿಗೆ ಅದರಲ್ಲಿಯ ಸುಳ್ಳಿನಿಂದ ನಷ್ಟವಾದರೆ ಬಿಲ್ಡರು ಪರಿಹಾರ ಕೊಡಬೇಕು. ಬೇಡವೆಂದು ಹಿಂದೆ ಸರಿದರೆ ಬಡ್ಡಿ ಸಮೇತ ಹಣ ಮರಳಿಸಬೇಕು. ನಮ್ಮಂತೆ ಇದ್ದೊಂದು ಮನೆ ಮಾರುವವರಿಗೆ ಆ ಸೆಕ್ಷನ್ ಅನ್ವಯಿಸುವುದಿಲ್ಲ. ನಮಗೆ ಅನ್ವಯಿಸುವುದು ಅದಕ್ಕಿಂತ ಬಹಳ ಹಳೆಯದು, 1882ರ ಸ್ವತ್ತು ವರ್ಗಾವಣೆ ಕಾಯ್ದೆ. ಕೊಳ್ಳುವವರು ಸಾಮಾನ್ಯ ಎಚ್ಚರದಿಂದ ನೋಡಿದರೂ ಕಾಣದ ದೊಡ್ಡ ದೋಷವೊಂದು ಮಾರುವವರಿಗೆ ಗೊತ್ತಿದ್ದರೆ ಅದನ್ನು ಹೇಳಲೇಬೇಕೆಂದು ಅದರ 55ನೇ ಸೆಕ್ಷನ್ ಹೇಳುತ್ತದೆ. ಹೇಳದಿರುವುದು ವಂಚನೆ. ಒಪ್ಪ ಮಾಡುವುದಕ್ಕೂ ಮುಚ್ಚಿಡುವುದಕ್ಕೂ ನಡುವಿನ ಗೆರೆ ಇಲ್ಲಿದೆ. ಸೋರುವ ಗೋಡೆಗೆ ಬಣ್ಣ ಹೊಡೆದು ಅದರ ಮುಂದೆ ಬೀರು ನಿಲ್ಲಿಸುವುದು ಸಿಂಗಾರವಲ್ಲ.

ಖರ್ಚಿನ ಮಾತು ಹೀಗಾಯಿತು. ಇನ್ನೊಂದು ಮಾತು ಹೇಳದೆ ಮನಸ್ಸು ಕೇಳದು. ಆ ಇಬ್ಬರು ಕೊಟ್ಟ ಪಟ್ಟಿಯಲ್ಲಿ ಮೊದಲು ತೆಗೆಯಬೇಕಾದ ವಸ್ತುಗಳು ಯಾವುವು ಗೊತ್ತೆ? ಭಾವನ ಫೋಟೋ, ಮದುವೆಯ ಫೋಟೋ, ಮೊಮ್ಮಕ್ಕಳ ಫೋಟೋ, ದೇವರ ಪಟಗಳು, ಅಡಿಗೆಮನೆಯ ಉಪ್ಪಿನಕಾಯಿ ಭರಣಿಗಳು, ಕಡೆಯುವ ಕಲ್ಲು, ಹಗ್ಗದ ಮೇಲೆ ಒಣಗುವ ಸೀರೆ. ಬರುವವರು ಇದನ್ನು ತಮ್ಮ ಮನೆಯೆಂದು ಕಲ್ಪಿಸಿಕೊಳ್ಳಬೇಕಾದರೆ ಇದ್ದವರ ಗುರುತು ಇರಬಾರದಂತೆ. ಅಕ್ಕ ಪಟ್ಟಿ ಓದಿಸಿಕೊಂಡು ಕೇಳಿ, "ನಾನ್ ಇಲ್ಲ್ ಬದ್ಕಿದ್ದೇ ಕಾಂಬುಕಾಗ ಅಂಬ್ರಾ?" ಎಂದಳು.

ನಮ್ಮ ತಲೆಮಾರಿನ ಹೆಂಗಸರಿಗೆ ಇದು ಹೊಸ ಪಾಠವಲ್ಲ. ಹೆಣ್ಣು ನೋಡುವ ಶಾಸ್ತ್ರದ ದಿನ ಪಕ್ಕದ ಮನೆಯ ಸ್ಟೀಲಿನ ತಟ್ಟೆ, ಅತ್ತೆಯ ಸರ, ಚಿಕ್ಕಮ್ಮನ ರೇಷ್ಮೆ ಸೀರೆ ಎಲ್ಲ ಎರವಲು ತಂದು ಕೂರಿಸುತ್ತಿದ್ದರು. ಕನ್ನಡಕ ತೆಗೆಸುತ್ತಿದ್ದರು. ಹೆಚ್ಚು ಮಾತಾಡಬೇಡ ಎನ್ನುತ್ತಿದ್ದರು. ಆ ಎರವಲು ಸರ ನೋಡಿ ಒಪ್ಪಿದವರು ಸರ ಎಲ್ಲಿ ಎಂದು ಕೇಳದೆ ಬಿಟ್ಟರೆ? ನಮ್ಮನ್ನು ನೋಡಲು ಬಂದವರ ಕಣ್ಣಿಗೆ ನಾವು ಹೇಗೆ ಕಂಡೇವು ಎಂದು ನಮ್ಮನ್ನು ನಾವೇ ಖಾಲಿ ಮಾಡಿಕೊಳ್ಳುವ ಅಭ್ಯಾಸ ನಮಗೆ ಚಿಕ್ಕಂದಿನಿಂದ ಆಗಿದೆ. ಅರವತ್ತೆಂಟನೆಯ ವಯಸ್ಸಿನಲ್ಲಿ, ತಾನು ನಲವತ್ತು ವರ್ಷ ಗುಡಿಸಿದ ಮನೆಯಲ್ಲಿ, ಅದೂ ಬಿಲ್ಲು ಕೊಟ್ಟು, ಅಕ್ಕ ಅದನ್ನು ಮತ್ತೆ ಮಾಡಬೇಕೆ?

ಪಟ ತೆಗೆಯಬೇಕೆಂಬ ಸಲಹೆಗೆ ನಮ್ಮಲ್ಲಿ ಇನ್ನೊಂದು ಅರ್ಥವೂ ಇದೆ ಎಂಬುದನ್ನು ಒಪ್ಪುತ್ತೇನೆ. ಗೋಡೆಯ ಪಟ ನೋಡಿ ಜಾತಿ ಮತ ಅಳೆಯುವವರು ಇದ್ದಾರೆ. ಪಟ ತೆಗೆದರೆ ಅಷ್ಟು ತಪ್ಪೀತೋ ಎಂದರೆ, ಅದೂ ಇಲ್ಲ. ದಲಾಳಿಯ ಬಾಯಲ್ಲಿ ಆ ಪ್ರಶ್ನೆ ಮನೆಗೆ ಬರುವ ಮೊದಲೇ ಕೇಳಿ ಆಗಿರುತ್ತದೆ.

ಅಕ್ಕ ಅಲಂಕಾರದವರಿಗೆ ಊಟ ಹಾಕಿ ಕಳಿಸಿದಳು. ಮಳೆ ನಿಂತ ಮೇಲೆ ಹಂಚು ಕೈಯಾಡಿಸಿದ್ದು, ಒಡೆದ ಹಂಚು ಬದಲಿಸಿದ್ದು, ಬಾವಿಯ ಕೆಸರು ತೆಗೆಸಿದ್ದು, ಒಳಹೊರಗೆ ಸುಣ್ಣ, ಬಚ್ಚಲಿನ ಹೊಸ ನಲ್ಲಿ, ಗೇಟಿನ ತಿರುಗುಣಿ, ಜೊತೆಗೆ ಸರ್ವೆಯವರಿಂದ ನಕ್ಷೆ ಮಾಡಿಸಿದ್ದು, ಎಲ್ಲ ಸೇರಿ ಮೂವತ್ತೆಂಟು ಸಾವಿರ ಆಯಿತು. ಅಟ್ಟದ ಮೇಲೆ ನಲವತ್ತು ವರ್ಷಗಳಿಂದ ಇದ್ದ ಒಡಕು ಪೆಟ್ಟಿಗೆ, ಹರಿದ ಚಾಪೆಗಳನ್ನು ಹೊರಹಾಕಲು ನಾನೂ ಮಗಳೂ ಎರಡು ಭಾನುವಾರ ದುಡಿದೆವು. ಅದಕ್ಕೆ ಬಿಲ್ಲಿಲ್ಲ. ಹೆಂಗಸರ ಕೆಲಸಕ್ಕೆ ಬಿಲ್ಲಿಲ್ಲದಿರುವುದರಿಂದಲೇ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವ ಒಂದು ಉದ್ಯೋಗ ಹುಟ್ಟಿತೋ ಏನೋ. ಬೆಲೆ ಕೇಳಿದವರಿಗೆಲ್ಲ ಏಪ್ರಿಲ್‌ನಲ್ಲಿ ಮೂರು ವಾರ ಬಾವಿ ನೀರು ಸಪ್ಪೆಯಾಗಿರುವುದಿಲ್ಲ ಎಂದು ಅಕ್ಕ ತಾನೇ ಹೇಳುತ್ತಿದ್ದಳು. ದಲಾಳಿ ತಲೆ ಚಚ್ಚಿಕೊಂಡ.

ಐದನೇ ತಿಂಗಳಲ್ಲಿ ನಲವತ್ಮೂರು ಲಕ್ಷಕ್ಕೆ ಹೋಯಿತು. ಸಿಂಗಾರ ಮಾಡಿದ್ದರೆ ನಲವತ್ತಾರೇ ಬರುತ್ತಿತ್ತು ಎಂದು ಅವಳ ಮಗ ಈಗಲೂ ಹೇಳುತ್ತಾನೆ. ಬರುತ್ತಿತ್ತೋ ಏನೋ, ಇಲ್ಲವೆನ್ನಲು ನನ್ನ ಬಳಿಯೂ ಸಾಕ್ಷಿಯಿಲ್ಲ. ಐದು ತಿಂಗಳಿಗೆ ಅವರ ಬಿಲ್ಲು ಎರಡು ಲಕ್ಷ ನಲವತ್ತೈದು ಸಾವಿರವಾಗುತ್ತಿತ್ತು ಎಂದು ಮಾತ್ರ ನಾನು ಕೂಡಿಸಿ ತೋರಿಸಿದೆ. ಸಿಂಗಾರ ಮಾಡಿದ್ದರೆ ಐದು ತಿಂಗಳೇ ಹಿಡಿಯುತ್ತಿರಲಿಲ್ಲ ಎಂದ. ಅಕ್ಕ ನಮ್ಮಿಬ್ಬರ ಮಾತಿಗೆ ಕಿವಿಗೊಡದೆ, ಕೊಂಡವರು ಕಡೆಯುವ ಕಲ್ಲು ಇರಲೆಂದು ಕೇಳಿಕೊಂಡರು, ಅದರ ಗುಂಡು ತನ್ನ ಸಾಮಾನಿನ ಜೊತೆ ಬ್ರಹ್ಮಾವರಕ್ಕೆ ಬಂದುಬಿಟ್ಟಿದೆ, ರಿಕ್ಷಾದಲ್ಲಿ ಕಳಿಸಬೇಕು ಎಂದಳು.